ಗುಪ್ತರೋಗದ ಬೋರ್ಡು ಮತ್ತು ಮನಶ್ಶಾಸ್ತ್ರದ ಪಾಠ

ಕೋಲಸಿರ್ಸಿ ಕಡೆಯ ಹುಡುಗಿಯೊಬ್ಬಳು ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಮುಂದೆ ಕ್ಲಿನಿಕಲ್ ಸೈಕಾಲಜಿ ಓದಲು ಹೊರಟಿದ್ದಾಳೆ. ಮನೆಯಲ್ಲಿ ಸಂತೋಷವೇ ಇತ್ತು. ಆದರೆ ಓದಬೇಕಾದ ವಿಷಯಗಳ ಪಟ್ಟಿಯಲ್ಲಿ ಗಂಡ-ಹೆಂಡಿರ ಲೈಂಗಿಕ ಸಮಸ್ಯೆಗಳ ಚಿಕಿತ್ಸೆಯೂ ಇದೆ ಎಂದು ಗೊತ್ತಾದಾಗ ಅಪ್ಪ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಊರಲ್ಲಿ ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ ತಂಗಿ?" ಎಂದರಂತೆ.

ಅದೇ ವಾರ ನಾವು ಬಸ್ಸಿಗೆ ಕಾಯುತ್ತಾ ನಿಂತಿದ್ದೆವು. ಎದುರಿನ ಕಂಪೌಂಡಿನ ಮೇಲೆ ದೊಡ್ಡ ಅಕ್ಷರದಲ್ಲಿ "ಗುಪ್ತರೋಗ, ನರ ದೌರ್ಬಲ್ಯ, ಶೀಘ್ರ ಪರಿಹಾರ" ಎಂದು ಬರೆದು ಕೆಳಗೆ ಮೊಬೈಲ್ ನಂಬರ್ ಹಾಕಿದ್ದರು. ಶಾಲೆಯ ಮಕ್ಕಳು ಅದನ್ನು ಓದಿಕೊಂಡೇ ಬಸ್ ಹತ್ತುತ್ತಾರೆ. ಆ ಬೋರ್ಡಿನವರಿಗೆ "ಊರವರು ಕೇಳಿದರೆ ಏನು ಹೇಳುತ್ತೀರಿ" ಎಂದು ಯಾರೂ ಕೇಳುವುದಿಲ್ಲ. ಸರಿಯಾಗಿ ಓದಿ ಬರುತ್ತೇನೆ ಎನ್ನುವವಳಿಗೆ ಮಾತ್ರ ಆ ಪ್ರಶ್ನೆ.

ಇದು ಹೀಗೇಕಾಯಿತು ಎಂದು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ ಇತಿಹಾಸ ಇಲ್ಲಿದೆ. ಇದರಲ್ಲಿ ನಮ್ಮ ಬನವಾಸಿ ಸೀಮೆಯೂ ಇದೆ, ಹಳೆಯ ಮೈಸೂರು-ಮುಂಬೈ ಗಡಿಯೂ ಇದೆ.

ಕುಂತಲದ ರಾಜನ ಕಥೆ

ವಾತ್ಸ್ಯಾಯನನ ಕಾಮಸೂತ್ರದ ಹೆಸರು ಎಲ್ಲರೂ ಕೇಳಿದ್ದಾರೆ, ಓದಿದವರು ಕಡಿಮೆ. ಚಿತ್ರದ ಪುಸ್ತಕ ಎಂದುಕೊಂಡವರೇ ಹೆಚ್ಚು. ಅದರಲ್ಲಿ ಕುಂತಲ ದೇಶದ ಶಾತಕರ್ಣಿ ಎಂಬ ಶಾತವಾಹನ ರಾಜನ ಪ್ರಸ್ತಾಪ ಬರುತ್ತದೆ. ಪ್ರಣಯದ ಆವೇಶದಲ್ಲಿ ಅವನು ಕೊಟ್ಟ ಪೆಟ್ಟಿಗೆ ರಾಣಿ ಮಲಯವತಿ ಸತ್ತಳು ಎಂದು ಹೇಳಿ, ಇಂಥದ್ದನ್ನು ಮಾಡಬಾರದು ಎಂದು ವಾತ್ಸ್ಯಾಯನ ಎಚ್ಚರಿಸುತ್ತಾನೆ. ಕುಂತಲ ಎಂದರೆ ಬನವಾಸಿಯೂ ಸೇರಿದ ಸೀಮೆ, ಅಂದರೆ ಈಗಿನ ಶಿರಸಿ ತಾಲೂಕಿನ ಸುತ್ತಲ ನೆಲ.

ಹೆಂಡತಿಗೆ ನೋವಾಗಬಾರದು ಎಂಬ ಪಾಠಕ್ಕೆ ಅಷ್ಟು ಹಿಂದೆಯೇ ನಮ್ಮ ಸೀಮೆಯ ರಾಜನ ಉದಾಹರಣೆ ಬಳಕೆಯಾಗಿತ್ತು. ಕನ್ನಡದಲ್ಲೂ ಈ ವಿಷಯ ಹೊಸದಲ್ಲ. 11ನೇ ಶತಮಾನದಲ್ಲಿ ಚಂದ್ರರಾಜ ಮದನತಿಲಕ ಬರೆದ. 13ನೇ ಶತಮಾನದಲ್ಲಿ ಯಶೋಧರ ಚರಿತೆಯ ಕವಿ ಜನ್ನ ಅನುಭವಮುಕುರ ಬರೆದ. ಆಸ್ಥಾನದ ದೊಡ್ಡ ಕವಿಗಳು ಇದನ್ನು ಬರೆಯಲು ನಾಚಿಕೊಂಡಿರಲಿಲ್ಲ. ಆದರೆ ಓದು-ಬರಹ ಬಂದವರು ಎಷ್ಟು ಜನ? ತಿಳಿವಳಿಕೆ ಆಸ್ಥಾನದಲ್ಲೇ ಉಳಿಯಿತು. ಈ ಮಾತು ನೆನಪಿರಲಿ, ಮುಂದೆಯೂ ಹೀಗೇ ಆಗುತ್ತದೆ.

ಗಡಿಯ ಎರಡು ಕಡೆ

1956ರ ನವೆಂಬರ್ 1ರವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮುಂಬೈ ಆಡಳಿತಕ್ಕೆ ಸೇರಿದ್ದವು. ಸಿದ್ದಾಪುರ ದಾಟಿ ತಾಳಗುಪ್ಪ ಕಡೆ ಹೋದರೆ ಮೈಸೂರು ಅರಸರ ಸೀಮೆ. ನಮ್ಮ ಅಜ್ಜಂದಿರು ಅಡಿಕೆ ವ್ಯಾಪಾರಕ್ಕೆ, ನೆಂಟಸ್ತಿಕೆಗೆ ಈ ಗಡಿ ದಾಟುತ್ತಲೇ ಇದ್ದರು. ಗಂಡು-ಹೆಣ್ಣಿನ ಆರೋಗ್ಯದ ವಿಷಯದಲ್ಲಿ ಮಾತ್ರ ಈ ಎರಡು ಕಡೆ ನಡೆದದ್ದು ಬೇರೆ ಬೇರೆ.

ಮುಂಬೈಯಲ್ಲಿ ರಘುನಾಥ ಧೋಂಡೋ ಕರ್ವೆ ಎಂಬವರಿದ್ದರು. ವಿಧವೆಯರ ಶಿಕ್ಷಣಕ್ಕೆ ದುಡಿದ ಮಹರ್ಷಿ ಕರ್ವೆಯವರ ಮಗ, ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕ. 1921ರಲ್ಲಿ ಅವರು ಸಂತಾನ ನಿಯಂತ್ರಣ ಕೇಂದ್ರ ತೆರೆದರು. ಇದೇ ಕೆಲಸದಿಂದಾಗಿ ಕಾಲೇಜಿನ ನೌಕರಿ ಹೋಯಿತು. 1927ರಿಂದ ಸಮಾಜ ಸ್ವಾಸ್ಥ್ಯ ಎಂಬ ಮರಾಠಿ ಮಾಸಪತ್ರಿಕೆ ನಡೆಸಿ, ಓದುಗರು ಕೇಳಿದ ಲೈಂಗಿಕ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಟ್ಟರು. ಅಶ್ಲೀಲ ಎಂದು ಕೇಸು ಬಿತ್ತು. 1934ರಲ್ಲಿ ಅವರ ಪರ ಕೋರ್ಟಿನಲ್ಲಿ ವಾದಿಸಿದವರು ಡಾ. ಬಿ.ಆರ್. ಅಂಬೇಡ್ಕರ್. ಜನ ತಮ್ಮ ಕಷ್ಟ ಬರೆದು ಕೇಳಿದಾಗ ಉತ್ತರಿಸುವುದು ಹೇಗೆ ಅಶ್ಲೀಲವಾಗುತ್ತದೆ ಎಂಬುದು ಅವರ ವಾದ. ಕೇಸು ಸೋತಿತು, ಕರ್ವೆ ದಂಡ ಕಟ್ಟಿದರು. ಆದರೂ 1953ರಲ್ಲಿ ತೀರಿಕೊಳ್ಳುವವರೆಗೆ ಪತ್ರಿಕೆ ಬಿಡಲಿಲ್ಲ.

ಅದೇ ಮುಂಬೈಯಲ್ಲಿ ಡಾ. ಎ.ಪಿ. ಪಿಳ್ಳೈ 1934ರಲ್ಲಿ ದಾಂಪತ್ಯದ ಆರೋಗ್ಯ ಕುರಿತು ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು. ದೇಶ-ವಿದೇಶದ ವೈದ್ಯರು ಅದಕ್ಕೆ ಬರೆಯುತ್ತಿದ್ದರು.

ಗಡಿಯಾಚೆ ಮೈಸೂರಿನಲ್ಲಿ ಕೆಲಸ ಮಾಡಿದ್ದು ಸರ್ಕಾರವೇ. 1930ರ ಜೂನ್ 11ರಂದು ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಮೈಸೂರು ಸರ್ಕಾರ ಆದೇಶ ಮಾಡಿತು. ಸರ್ಕಾರವೇ ಇಂಥ ಕ್ಲಿನಿಕ್ ತೆರೆದದ್ದು ಪ್ರಪಂಚದಲ್ಲೇ ಮೊದಲು ಎಂದು ಇತಿಹಾಸ ಬರೆದವರು ಗುರುತಿಸುತ್ತಾರೆ.

ಒಂದು ಕಡೆ ಒಬ್ಬ ಮೇಷ್ಟ್ರು ನೌಕರಿ ಕಳೆದುಕೊಂಡು ದಂಡ ಕಟ್ಟಿದರು, ಇನ್ನೊಂದು ಕಡೆ ಸರ್ಕಾರವೇ ಬಾಗಿಲು ತೆರೆಯಿತು. ನಾವಿದ್ದದ್ದು ನಡುವೆ, ಕಾಡಿನೊಳಗೆ. ಮರಾಠಿ ಪತ್ರಿಕೆ ನಮ್ಮ ಹಳ್ಳಿಗೆ ಓದಲು ಬರದು, ಮೈಸೂರಿನ ಆಸ್ಪತ್ರೆ ನಮಗೆ ದೂರ.

ಮನಸ್ಸಿನ ವೈದ್ಯಕ್ಕೆ ಸೇರಿದ್ದು

ಇಷ್ಟರವರೆಗಿನ ಮಾತು ಹೆಚ್ಚಾಗಿ ದೇಹದ್ದು. ಇದು ಮನಶ್ಶಾಸ್ತ್ರದ ಪಾಠವಾದದ್ದು ಹೇಗೆ?

ಯುರೋಪಿನಲ್ಲಿ 1886ರಲ್ಲಿ ಕ್ರಾಫ್ಟ್-ಎಬಿಂಗ್ ಎಂಬ ಮನೋವೈದ್ಯ ಈ ಬಗ್ಗೆ ದೊಡ್ಡ ಗ್ರಂಥ ಬರೆದ. ಅದರಲ್ಲಿ ತುಂಬಿದ್ದು ಕೋರ್ಟಿನ, ಹುಚ್ಚಾಸ್ಪತ್ರೆಯ ಪ್ರಕರಣಗಳು. 1919ರಲ್ಲಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಬರ್ಲಿನ್‌ನಲ್ಲಿ ಲೈಂಗಿಕ ವಿಜ್ಞಾನಕ್ಕೇ ಒಂದು ಸಂಸ್ಥೆ ಕಟ್ಟಿದರು. 1931ರಲ್ಲಿ ಅವರು ಭಾರತಕ್ಕೂ ಬಂದು ಹೋದರು. 1933ರಲ್ಲಿ ನಾಜಿಗಳು ಆ ಸಂಸ್ಥೆಗೆ ನುಗ್ಗಿ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು.

ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರು ಮಾಡಿತ್ತು. ಅದನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಶುರು ಮಾಡಿ, ಆಕಾಶವಾಣಿ ಎಂಬ ಹೆಸರು ಬಳಕೆಗೆ ಬರಲು ಕಾರಣರಾದವರು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಮೊದಲ ನಿರ್ದೇಶಕರು. ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿದ್ದು ಕಲಿಯುವ ಮನಶ್ಶಾಸ್ತ್ರದ ಡಿಪ್ಲೊಮಾ ಅಲ್ಲಿ 1955ರಲ್ಲಿ ಆರಂಭವಾಯಿತು. ಅದೇ ಸಂಸ್ಥೆ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು.

1954ಕ್ಕೆ ಇನ್ನೊಂದು ಮಹತ್ವವಿದೆ. ಮಾಂತ್ರಿಕ ಔಷಧಗಳ, ಆಕ್ಷೇಪಾರ್ಹ ಜಾಹೀರಾತುಗಳ ವಿರುದ್ಧ ಕೇಂದ್ರದ ಕಾನೂನು ಬಂದದ್ದು ಅದೇ ವರ್ಷ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ, ಗುಹ್ಯರೋಗ ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ಹಾಕುವುದು ಈ ಕಾನೂನಿನ ಪ್ರಕಾರ ಅಪರಾಧ. ಸಂಸ್ಥೆ ಬೆಳೆಯಿತು, ಬೋರ್ಡು ಮಾತ್ರ ಇಳಿಯಲಿಲ್ಲ.

1960ರಲ್ಲಿ ಡಾ. ಎನ್.ಎನ್. ವಿಗ್ ಒಂದು ತೊಂದರೆಗೆ ಹೆಸರಿಟ್ಟರು: ಧಾತ್ ಸಿಂಡ್ರೋಮ್. ಧಾತು ಹೋಗುತ್ತಿದೆ, ಅದರಿಂದಲೇ ಸುಸ್ತು, ಕೈಕಾಲು ನೋವು, ನೆನಪಿನ ಶಕ್ತಿ ಕಡಿಮೆ ಎಂದು ಹುಡುಗರು ಆಸ್ಪತ್ರೆಗೆ ಬರುತ್ತಿದ್ದರು. ಪರೀಕ್ಷೆ ಮಾಡಿದರೆ ದೇಹದಲ್ಲಿ ರೋಗವಿಲ್ಲ. ರೋಗ ಇದ್ದದ್ದು ಹೆದರಿಕೆಯಲ್ಲಿ. ನಿದ್ದೆಯಲ್ಲಿ ವೀರ್ಯ ಹೋಗುವುದು ಹರೆಯದಲ್ಲಿ ಸಹಜ ಎಂದು ಯಾರೂ ಹೇಳಿರಲಿಲ್ಲ. ಅದರ ಬದಲು ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಎಂಬ ಲೆಕ್ಕ ಹೇಳಿದ್ದರು. ಬೋರ್ಡಿನವರ ವ್ಯಾಪಾರ ನಿಂತಿರುವುದೇ ಈ ಲೆಕ್ಕದ ಮೇಲೆ.

1970ರಲ್ಲಿ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಹೊಸ ದಾರಿ ತೋರಿಸಿದರು. ಗಂಡನನ್ನೊಬ್ಬನನ್ನೇ, ಹೆಂಡತಿಯೊಬ್ಬಳನ್ನೇ ರೋಗಿ ಮಾಡಬೇಡಿ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಎಂದರು. ಆಗಬಹುದೋ ಇಲ್ಲವೋ ಎಂಬ ಹೆದರಿಕೆಯೇ ಎಷ್ಟೋ ತೊಂದರೆಗಳ ಮೂಲ, ಹಾಗಾಗಿ ಕೆಲವು ದಿನ ಕೂಡುವುದನ್ನೇ ಬಿಟ್ಟು, ಹತ್ತಿರ ಕುಳಿತು ಮುಟ್ಟುವುದರಿಂದ ಮತ್ತೆ ಶುರು ಮಾಡಿ ಎಂದು ಹೇಳಿಕೊಟ್ಟರು. ಗುಳಿಗೆಯ ಜಾಗಕ್ಕೆ ಮಾತು ಬಂತು, ಮನಶ್ಶಾಸ್ತ್ರ ಓದಿದವರಿಗೆ ಇಲ್ಲಿ ಕೆಲಸ ಹುಟ್ಟಿತು.

ಈ ವಿದ್ಯೆ ತಪ್ಪೂ ಮಾಡಿದೆ. ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಇಷ್ಟವಾಗುವುದನ್ನು ಬಹಳ ಕಾಲ ರೋಗ ಎಂದು ಬರೆದಿಟ್ಟಿತ್ತು, ವಾಸಿ ಮಾಡುತ್ತೇವೆಂದು ಹಿಂಸೆಯನ್ನೂ ಕೊಟ್ಟಿತು. ಅಮೆರಿಕದ ಮನೋವೈದ್ಯರು 1973ರಲ್ಲಿ ಅದನ್ನು ರೋಗಗಳ ಪಟ್ಟಿಯಿಂದ ತೆಗೆದರು. ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಅದು ಅಪರಾಧವಲ್ಲ ಎಂದಿತು. ಅಂಥವರನ್ನು ಬದಲಾಯಿಸಲು ಚಿಕಿತ್ಸೆ ಕೊಡುವುದು ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು.

ಘಟ್ಟದ ಕೆಳಗಿನ ಕೋಟ

ಹಳ್ಳಿಯ ಮನಸ್ಸನ್ನು ಹಳ್ಳಿಯಲ್ಲೇ ಅರಿಯುವ ಕೆಲಸ ನಮಗೆ ಹತ್ತಿರದಲ್ಲೇ ನಡೆದಿದೆ. ಉಡುಪಿ ಕಡೆಯ ಕೋಟದಲ್ಲಿ ಡಾ. ಆರ್.ಎಲ್. ಕಪೂರ್ ಮತ್ತು ಸ್ಕಾಟ್ಲೆಂಡಿನ ಮಾರಿಸ್ ಕಾರ್ಸ್ಟೇರ್ಸ್ ಮನೆಮನೆಯಲ್ಲಿ ಜನರ ಮನಸ್ಸಿನ ತೊಂದರೆಗಳನ್ನು ವಿಚಾರಿಸಿ 1976ರಲ್ಲಿ ಪುಸ್ತಕ ಬರೆದರು. ಅಲ್ಲಿ ಜನ ಯಾರ ಹತ್ತಿರ ಹೋಗುತ್ತಾರೆಂದು ಕಪೂರ್ ನೋಡಿದಾಗ ವೈದ್ಯರು, ಮಂತ್ರವಾದಿಗಳು, ದರ್ಶನದ ಪಾತ್ರಿಗಳು, ಡಾಕ್ಟರು ಎಲ್ಲರೂ ಸಿಕ್ಕರು. ಒಬ್ಬರಲ್ಲಿಗೆ ಹೋದವರು ಇನ್ನೊಬ್ಬರಲ್ಲಿಗೂ ಹೋಗುತ್ತಿದ್ದರು. ಯಾರು ಕೂರಿಸಿಕೊಂಡು ಕೇಳುತ್ತಾರೋ ಅವರಲ್ಲಿಗೆ ಜನ ಹೋಗುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಕನ್ನಡದಲ್ಲಿ ಬರೆದವರೂ ಇದ್ದಾರೆ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಅವರ ದಾಂಪತ್ಯ ದೀಪಿಕೆ ಎಷ್ಟೋ ಮನೆಗಳಲ್ಲಿ ಬೀರುವಿನ ಬಟ್ಟೆಯ ಕೆಳಗಿತ್ತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ವಿಷಯವನ್ನು ಸರಳ ಕನ್ನಡದಲ್ಲಿ ಬರೆಯುತ್ತಲೇ ಬಂದಿದ್ದಾರೆ. ಆದರೆ 2007ರಲ್ಲಿ ಶಾಲೆಗೆ ಹದಿಹರೆಯದ ಶಿಕ್ಷಣ ತರುವ ಪ್ರಯತ್ನಕ್ಕೆ ಬೇರೆ ಕೆಲವು ರಾಜ್ಯಗಳಂತೆ ಕರ್ನಾಟಕವೂ ತಡೆ ಹಾಕಿತು. ಪುಸ್ತಕ ಬಟ್ಟೆಯ ಕೆಳಗೆ, ಪಾಠ ಶಾಲೆಯ ಹೊರಗೆ, ಬೋರ್ಡು ಬಸ್ ಸ್ಟ್ಯಾಂಡಿನಲ್ಲಿ.

ಇದು ಪೇಟೆಯವರ ಕಾಯಿಲೆ ಎನ್ನುವವರಿಗೆ ಒಂದು ಲೆಕ್ಕ. ಮೈಸೂರಿನ ಡಾ. ಟಿ.ಎಸ್. ಸತ್ಯನಾರಾಯಣ ರಾವ್ ಮತ್ತು ಸಂಗಡಿಗರು ಹಳ್ಳಿಯ ಜನರಲ್ಲೇ ಸಮೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಸುಮಾರು ಐದು ಗಂಡಸರಲ್ಲಿ ಒಬ್ಬರಿಗೆ, ಏಳು ಹೆಂಗಸರಲ್ಲಿ ಒಬ್ಬರಿಗೆ ಯಾವುದಾದರೂ ಒಂದು ಲೈಂಗಿಕ ತೊಂದರೆ ಇತ್ತು.

ಆ ಹುಡುಗಿ ಏನು ಓದುತ್ತಾಳೆ

ಕ್ಲಿನಿಕಲ್ ಸೈಕಾಲಜಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಪರಿಷತ್ತು ಒಪ್ಪಿದ ಕೋರ್ಸು ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರೇ ಕಲಿಯುವಂಥದ್ದು. ಅದರ ಪಾಠಪಟ್ಟಿಯಲ್ಲಿ ಕುಟುಂಬ ಚಿಕಿತ್ಸೆ, ದಾಂಪತ್ಯ ಚಿಕಿತ್ಸೆಗಳ ಸಾಲಿನಲ್ಲೇ ಲೈಂಗಿಕ ಚಿಕಿತ್ಸೆ ಬರುತ್ತದೆ. ಸಾಲು ಒಂದೇ, ಆದರೆ ಕಲಿಯುವುದು ಬಹಳ.

ಮೊದಲು ಕಲಿಯುವುದು ಕೇಳುವುದನ್ನು. ನಾಚಿಕೆಯಿಂದ ಹೊಟ್ಟೆನೋವು ಎಂದು ಬಂದವರ ನಿಜವಾದ ಕಷ್ಟ ತಿಳಿಯುವುದು, ಮುಖದಲ್ಲಿ ನಗು, ಅಸಹ್ಯ ತೋರಿಸದಿರುವುದು. ಇನ್ನೊಂದು, ದೇಹದ ಪರೀಕ್ಷೆ ಆಗಿದೆಯೇ ಎಂದು ನೋಡಿ, ಆಗದಿದ್ದರೆ ಡಾಕ್ಟರ ಬಳಿ ಕಳಿಸುವುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೆಲವು ಮಾತ್ರೆಗಳು, ಕುಡಿತ, ಎಲ್ಲವೂ ಕಾರಣ ಆಗಬಹುದು. ಆಮೇಲೆ ಹೆಂಡತಿಯ ಒಪ್ಪಿಗೆ, ನೋವು, ಹೆದರಿಕೆ ವಿಚಾರಿಸುವುದು. ಕೇಳಿದ್ದನ್ನು ಹೊರಗೆ ಆಡದಿರುವುದು ಎಲ್ಲಕ್ಕಿಂತ ಮುಖ್ಯ.

ನಮಗೆ ಗೊತ್ತಿರುವ ಒಬ್ಬರು, ನಲವತ್ತು ದಾಟಿದವರು, ಇಂಥದ್ದೇ ಬೋರ್ಡಿನ ನಂಬರಿಗೆ ಫೋನ್ ಮಾಡಿದ್ದರು. ಅಡಿಕೆ ಮಾರಿದ ದುಡ್ಡಲ್ಲಿ ತಿಂಗಳುಗಟ್ಟಲೆ ಪುಡಿ ತಿಂದರು, ಮನೆಯಲ್ಲಿ ಜಗಳವೂ ಹೆಚ್ಚಿತು. ಕಡೆಗೆ ಕಾಲಿನ ಗಾಯ ಮಾಯದೆ ಆಸ್ಪತ್ರೆಗೆ ಹೋದಾಗ ರಕ್ತದಲ್ಲಿ ಸಕ್ಕರೆ ಹೆಚ್ಚಿರುವುದು ತಿಳಿಯಿತು. ಪುಡಿ ಕೊಟ್ಟವನು ಒಮ್ಮೆಯೂ ರಕ್ತ ಪರೀಕ್ಷೆಯ ಮಾತು ಎತ್ತಿರಲಿಲ್ಲ. "ಅವತ್ತೇ ಯಾರಾದ್ರೂ ಕೂತು ಕೇಳಿದ್ರೆ ಹೇಳ್ತಿದ್ದೆ" ಎಂದರು ಅವರು.

ಕಾಮಸೂತ್ರ ಆಸ್ಥಾನದಲ್ಲಿ, ಕರ್ವೆಯ ಪತ್ರಿಕೆ ಮುಂಬೈಯಲ್ಲಿ, ಕ್ಲಿನಿಕ್ಕು ಮೈಸೂರಿನಲ್ಲಿ, ಪಾಠ ಬೆಂಗಳೂರಿನಲ್ಲಿ. ತಿಳಿವಳಿಕೆ ಯಾವ ಕಾಲದಲ್ಲೂ ಇಲ್ಲದೇ ಇರಲಿಲ್ಲ. ನಮ್ಮ ಮಾತಲ್ಲಿ, ನಮ್ಮ ಬಸ್ಸು ಹೋಗುವ ದೂರದಲ್ಲಿ ಕೂತು ಕೇಳುವವರು ಇರಲಿಲ್ಲ. ಖಾಲಿ ಇದ್ದ ಆ ಜಾಗದಲ್ಲಿ ಬೋರ್ಡಿನವರು ಕೂತರು.

ಈಗ ಕೆಲವು ಬಾಗಿಲು ತೆರೆದಿವೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ವ್ಯವಸ್ಥೆ ಮಾಡಲಾಗಿದೆ. ಹೋಗುವ ಮೊದಲು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ವಿಚಾರಿಸಿ. ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ಬೋರ್ಡಿನ ನಂಬರ್ ಒತ್ತುವ ಮೊದಲು ಇದನ್ನು ಒತ್ತಿ.

ಆ ಅಪ್ಪನಿಗೆ ನಾವು ಹೇಳಿದ್ದಿಷ್ಟೇ. ಊರಲ್ಲಿ ಕೇಳಿದರೆ, ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಕಷ್ಟ ಕೇಳಿಸಿಕೊಳ್ಳುವುದನ್ನು ಮಗಳು ಕಲಿಯುತ್ತಿದ್ದಾಳೆ ಎನ್ನಿ. ಅವರು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. "ಓದಿ ಬಂದ್ಮೇಲೆ ಶಿರಸಿಲೇ ಕೂರ್ತಾಳಾ ಕೇಳಿ" ಎಂದರು. ನಾವೂ ಅದನ್ನೇ ಕೇಳುತ್ತಿದ್ದೇವೆ.