ಐಪಿ ವಿಳಾಸಗಳ ಹಂಚಿಕೆ: ವರ್ಗಗಳ ಕಾಲದಿಂದ ಇಂದಿನವರೆಗೆ

1981ರ ಸೆಪ್ಟೆಂಬರಿನಲ್ಲಿ ಐಪಿ ನಾಲ್ಕನೇ ಆವೃತ್ತಿಯ (ಐಪಿವಿ4) ನಿಯಮಗಳು ಪ್ರಕಟವಾದವು. ಒಂದೊಂದು ವಿಳಾಸಕ್ಕೆ 32 ಬಿಟ್, ಒಟ್ಟು ಸುಮಾರು 430 ಕೋಟಿ ವಿಳಾಸ. ಕೆಲವು ನೂರು ಕಂಪ್ಯೂಟರುಗಳಷ್ಟೇ ಇದ್ದ ಅಂದಿನ ಅರ್ಪಾನೆಟ್‌ಗೆ ಇದು ಬೇಕಾದಷ್ಟಾಯಿತು. ಎಡವಟ್ಟಾದದ್ದು ಅಳೆದು ಕೊಡುವ ರೀತಿಯಲ್ಲಿ. ಎ ವರ್ಗದ ಜಾಲ ಸಿಕ್ಕವರಿಗೆ 1 ಕೋಟಿ 67 ಲಕ್ಷ ವಿಳಾಸ, ಬಿ ವರ್ಗದವರಿಗೆ 65,534, ಸಿ ವರ್ಗದವರಿಗೆ 254. ಮುನ್ನೂರು ಯಂತ್ರಗಳ ಸಂಸ್ಥೆಗೆ ಸಿ ಸಾಲದು, ಬಿ ಕೊಟ್ಟರೆ 65 ಸಾವಿರ ವ್ಯರ್ಥ. ಕೇಳಿದವರಿಗೆ ಬೊಗಸೆ ಕೊಡು, ಇಲ್ಲವೇ ಕಣಜವನ್ನೇ ಕೊಡು ಎಂಬಂತಿತ್ತು.

ಇನ್ನೊಂದು ತೊಡಕು ವಿಶ್ವವಿದ್ಯಾಲಯಗಳ ಆವರಣದಲ್ಲಿ ಎದುರಾಯಿತು. ಒಂದೇ ಆವರಣದೊಳಗೆ ಹಲವು ಈಥರ್ನೆಟ್‌ಗಳು ಹುಟ್ಟಿಕೊಂಡವು. ಪ್ರತಿಯೊಂದಕ್ಕೂ ಬೇರೆ ಜಾಲ ಸಂಖ್ಯೆ ಕೊಟ್ಟರೆ, ಎಲ್ಲೋ ದೂರದ ಗೇಟ್‌ವೇಗಳೂ ಆ ಎಲ್ಲ ಸಂಖ್ಯೆಗಳ ದಾರಿಯನ್ನು ನೆನಪಿಟ್ಟುಕೊಳ್ಳಬೇಕು. ಸ್ಟ್ಯಾನ್‌ಫೋರ್ಡ್‌ನಲ್ಲಿದ್ದ ಜೆಫ್ರಿ ಮೊಗುಲ್ 1984ರ ಅಕ್ಟೋಬರಿನಲ್ಲಿ ಇದಕ್ಕೊಂದು ಪರಿಹಾರ ಬರೆದರು. ಮರುವರ್ಷದ ಆಗಸ್ಟಿನಲ್ಲಿ ಅವರೂ ಜಾನ್ ಪೋಸ್ಟೆಲ್ ಅವರೂ ಸೇರಿ ಅದನ್ನು ಆರ್‌ಎಫ್‌ಸಿ 950 ಎಂಬ ಪ್ರಮಾಣಕವಾಗಿ ರೂಪಿಸಿದರು. ಯಂತ್ರದ ಸಂಖ್ಯೆಗೆ ಮೀಸಲಾದ ಬಿಟ್‌ಗಳಲ್ಲಿ ಕೆಲವನ್ನು ತೆಗೆದು ಒಳಜಾಲದ, ಅಂದರೆ ಸಬ್‌ನೆಟ್‌ನ, ಗುರುತಿಗೆ ಬಳಸುವುದು. ಎಲ್ಲಿಯವರೆಗೆ ಜಾಲ, ಎಲ್ಲಿಂದ ಯಂತ್ರ ಎಂಬುದನ್ನು ಮಾಸ್ಕ್ ಹೇಳುವುದು. ಹೊರಗಿನವರಿಗೆ ಕಾಣುವುದು ಒಂದೇ ಜಾಲ. ಸಬ್‌ನೆಟ್ ಎಂದರೆ ವಿಳಾಸ ಉಳಿಸುವ ಲೆಕ್ಕವೆಂದೇ ನಾವು ಕಲಿಯುತ್ತೇವೆ. ಆದರೆ ಅದು ಹುಟ್ಟಿದ್ದು ಮನೆಯೊಳಗಿನ ವ್ಯವಸ್ಥೆಯನ್ನು ಊರವರ ತಲೆಗೆ ಹೊರಿಸದಿರಲಿಕ್ಕೆ.

ಆ ಪ್ರಮಾಣಕ ಎಲ್ಲ ಸೊನ್ನೆಯ, ಎಲ್ಲ ಒಂದರ ಸಬ್‌ನೆಟ್‌ಗಳನ್ನು ಬಳಸಬೇಡಿ ಎಂದಿತ್ತು. ಎರಡು ಬಿಟ್ ತೆಗೆದು ನಾಲ್ಕು ಭಾಗ ಮಾಡಿದರೆ ಎರಡು ಹಾಗೆಯೇ ಬಿದ್ದಿರುತ್ತಿದ್ದವು. ಈ ಕಟ್ಟಳೆ 1995ರ ಹೊತ್ತಿಗೇ ಹಳತಾಗಿತ್ತು. ಹಳೆಯ ನೋಟ್ಸುಗಳಲ್ಲಿ ಮಾತ್ರ ‘ಸಬ್‌ನೆಟ್‌ಗಳಲ್ಲೂ ಎರಡು ಕಳೆಯಿರಿ’ ಎಂಬ ಸೂತ್ರ ಇನ್ನೂ ಜೀವಂತ.

ಮೊದಲಿಗೆ ಒಂದು ಜಾಲಕ್ಕೆ ಒಂದೇ ಅಳತೆಯ ಮಾಸ್ಕ್. ಎರಡೇ ತುದಿಗಳಿರುವ ಲಿಂಕಿಗೂ 254 ವಿಳಾಸ ಹೋಗುತ್ತಿತ್ತು. ಏಕೆಂದರೆ ರೂಟರುಗಳು ದಾರಿ ಹೇಳಿಕೊಳ್ಳಲು ಆಗ ಎಲ್ಲೆಲ್ಲೂ ಬಳಸುತ್ತಿದ್ದ ರಿಪ್ ಪ್ರೋಟೋಕಾಲು ದಾರಿಯ ಜೊತೆ ಮಾಸ್ಕನ್ನು ಹೇಳುತ್ತಿರಲಿಲ್ಲ. ಮಾಸ್ಕನ್ನೂ ಸಾಗಿಸುವ ಓಎಸ್‌ಪಿಎಫ್ 1989ರಲ್ಲಿ ಬಂತು. 1993ರ ಸೆಪ್ಟೆಂಬರಿನಲ್ಲಿ ಸೈಡರ್ ಪದ್ಧತಿ ಎ, ಬಿ, ಸಿ ವರ್ಗಗಳನ್ನೇ ತೊಡೆದುಹಾಕಿತು. ಇಂದು ನಾವು ಜಾಲದ ಬಿಟ್‌ಗಳ ಸಂಖ್ಯೆಯನ್ನು /23, /26 ಎಂದು ಬರೆಯುವುದು ಅದರ ಕೊಡುಗೆ.

1994ರಲ್ಲಿ ಒಳಗಿನ ವಿಳಾಸಗಳನ್ನು ಹೊರಗಿನವಾಗಿ ಬದಲಿಸುವ ನ್ಯಾಟ್, 1996ರಲ್ಲಿ ಖಾಸಗಿ ವಿಳಾಸಗಳ ನಿಯಮವಾದ ಆರ್‌ಎಫ್‌ಸಿ 1918 ಬಂದ ಮೇಲೆ ಕಂಪನಿಗಳ ಯೋಜನೆಯ ಸ್ವರೂಪವೇ ಬದಲಾಯಿತು. 10ರಿಂದ ಶುರುವಾಗುವ ಇಡೀ ಜಾಲ ಎಲ್ಲರಿಗೂ ಪುಕ್ಕಟೆ. ಪುಕ್ಕಟೆ ಸಿಕ್ಕದ್ದನ್ನು ಯಾರು ಯೋಚಿಸಿ ಖರ್ಚು ಮಾಡುತ್ತಾರೆ? ಒಂದು ಶಾಖೆಗೆ 10.1, ಇನ್ನೊಂದಕ್ಕೆ 10.2 ಎಂದು ತೋಚಿದಂತೆ ಕೊಟ್ಟುಕೊಂಡು ಹೋದರು. ಎರಡು ಕಂಪನಿಗಳು ವಿಲೀನವಾದ ದಿನ ಇಬ್ಬರಲ್ಲೂ 10.1 ಇರುವುದು ಗೊತ್ತಾಗುತ್ತದೆ. ಆಮೇಲೆ ಇಬ್ಬರ ನಡುವೆ ಮತ್ತೊಂದು ನ್ಯಾಟ್ ಕೂರಿಸಬೇಕು, ಇಲ್ಲವೇ ಒಂದು ಕಡೆಯ ಪ್ರಿಂಟರು, ಸರ್ವರು, ಫೈರ್‌ವಾಲ್ ನಿಯಮಗಳೆಲ್ಲದರ ವಿಳಾಸ ಬದಲಿಸಬೇಕು. ಎರಡೂ ತಿಂಗಳುಗಟ್ಟಲೆ ಕೆಲಸ.

ಯೋಚಿಸಿ ಮಾಡುವುದು ಹೇಗೆ? ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಹುಬ್ಬಳ್ಳಿ ಮತ್ತು ಮಂಗಳೂರಿನಲ್ಲಿ ಶಾಖೆಗಳಿರುವ ಸಂಸ್ಥೆಯೊಂದಿದೆ ಎಂದಿಟ್ಟುಕೊಳ್ಳಿ. ಒಟ್ಟು 10.40.0.0/16 ತೆಗೆದಿರಿಸಿ, ಊರಿಗೊಂದು /20 ಕೊಡಬಹುದು: ಬೆಂಗಳೂರಿಗೆ 10.40.0.0, ಹುಬ್ಬಳ್ಳಿಗೆ 10.40.16.0, ಮಂಗಳೂರಿಗೆ 10.40.32.0. ಒಂದೊಂದರಲ್ಲಿ 4,096 ವಿಳಾಸ. ಹುಬ್ಬಳ್ಳಿಯೊಳಗೆ ಎಷ್ಟೇ ವಿಭಾಗಗಳಾಗಲಿ, ಬೆಂಗಳೂರಿನ ರೂಟರಿಗೆ ಒಂದೇ ಸಾಲು ಸಾಕು. ಒಳಗೆ ಹಂಚುವಾಗ ದೊಡ್ಡದರಿಂದ ಶುರುಮಾಡಬೇಕು. ಬೆಂಗಳೂರಿನ 300 ಉದ್ಯೋಗಿಗಳಿಗೆ 510 ವಿಳಾಸದ 10.40.0.0/23, ನೂರು ಕ್ಯಾಮೆರಾಗಳಿಗೆ 10.40.2.0/25; 50 ಸರ್ವರುಗಳಿಗೆ 62 ವಿಳಾಸದ 10.40.2.128/26. ಚಿಕ್ಕದನ್ನು ಮೊದಲು ಕೂರಿಸಿದರೆ ದೊಡ್ಡದರ ಗಡಿ ಸರಿಯಾಗಿ ಕೂಡಿಬರದೆ ನಡುವೆ ಖಾಲಿ ತುಂಡುಗಳು ಉಳಿಯುತ್ತವೆ. ಲಿಂಕುಗಳಿಗೆ /30, ಅಥವಾ 2000ದ ಕೊನೆಯಲ್ಲಿ ಒಪ್ಪಿಗೆ ಸಿಕ್ಕ /31. ಈ ವಿಭಾಗಗಳಿಗೆ ಬೇರೆ ಬೇರೆ ಕೇಬಲ್ ಎಳೆಯಬೇಕಿಲ್ಲ, 1998ರ 802.1ಕ್ಯೂ ಪ್ರಮಾಣಕದ ವಿಲ್ಯಾನ್‌ಗಳು ಒಂದೇ ಸ್ವಿಚ್ಚಿನಲ್ಲಿ ಅದನ್ನು ಸಾಧಿಸುತ್ತವೆ. ಇಷ್ಟು ಗಣಿತ ಯಾರಿಗಾದರೂ ಬರುತ್ತದೆ. ಐದು ವರ್ಷದ ನಂತರ ಯಾವ ಶಾಖೆ ಬೆಳೆದೀತು ಎಂದು ಊಹಿಸಿ ಅದರ ಪಕ್ಕದ ಜಾಗವನ್ನು ಖಾಲಿ ಬಿಡುವುದು ಕಷ್ಟದ ಕೆಲಸ.

ಹೊರಗಿನ ವಿಳಾಸಗಳ ಕಥೆ ಬೇರೆ. 2011ರ ಫೆಬ್ರುವರಿ 3ರಂದು, ಜಗತ್ತಿನ ವಲಯಗಳಿಗೆ ವಿಳಾಸ ಹಂಚುವ ಐಯಾನಾ ತನ್ನ ಕೊನೆಯ ಐದು /8ಗಳನ್ನು ಹಂಚಿ ಕೈತೊಳೆದುಕೊಂಡಿತು. ಏಪ್ರಿಲ್‌ನಲ್ಲಿ ನಮ್ಮ ವಲಯದ ಏಪ್‌ನಿಕ್ ಕೊನೆಯ /8 ಮುಟ್ಟಿತು. ಸ್ಟ್ಯಾನ್‌ಫೋರ್ಡ್ ತನ್ನ ಬಳಿಯಿದ್ದ 36ರ ಎ ವರ್ಗವನ್ನು 2000ದಲ್ಲಿ ತಾನಾಗಿ ಹಿಂದಿರುಗಿಸಿತ್ತು; ಹತ್ತು ವರ್ಷದ ನಂತರ ಅದು ಸೇರಿದ್ದೂ ಏಪ್‌ನಿಕ್‌ಗೇ. ಎಲ್ಲರೂ ಅಷ್ಟು ಉದಾರಿಗಳಲ್ಲ. 2011ರಲ್ಲೇ ಮೈಕ್ರೋಸಾಫ್ಟ್, ದಿವಾಳಿಯಾದ ನೋರ್ಟೆಲ್‌ನಿಂದ 6,66,624 ವಿಳಾಸಗಳನ್ನು 75 ಲಕ್ಷ ಡಾಲರಿಗೆ ಕೊಂಡಿತು. 2024ರ ಫೆಬ್ರುವರಿಯಿಂದ ಅಮೆಜಾನ್ ತನ್ನ ಕ್ಲೌಡಿನಲ್ಲಿ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್ ವಸೂಲಿ ಮಾಡುತ್ತಿದೆ. ಅಲ್ಲಿನ ಪ್ರತಿ ಸಬ್‌ನೆಟ್ಟಿನಲ್ಲೂ ಐದು ವಿಳಾಸ ಅಮೆಜಾನ್‌ಗೇ ಮೀಸಲು. ಆದ್ದರಿಂದ /28 ತೆಗೆದುಕೊಂಡರೆ ಕೈಗೆ ಸಿಗುವುದು 11.

128 ಬಿಟ್‌ನ ಐಪಿವಿ6ರ ಮೊದಲ ನಿಯಮಾವಳಿ 1995ರಷ್ಟು ಹಿಂದಿನದು. ಅಲ್ಲಿ ಯಂತ್ರಗಳನ್ನು ಎಣಿಸುವ ಅಭ್ಯಾಸವನ್ನೇ ಬಿಡಬೇಕು. ಒಂದು ಕಚೇರಿಗೆ /48 ಸಿಕ್ಕಿದರೆ ಅದರಲ್ಲಿ 65,536 ಸಬ್‌ನೆಟ್‌ಗಳು, ಪ್ರತಿಯೊಂದೂ /64. ಜಿಪುಣತನ ಮಾಡಿ /120 ಕೊಟ್ಟರೆ ಸ್ವಯಂಚಾಲಿತ ವಿಳಾಸದ ಸೌಲಭ್ಯವೇ ಕೆಡುತ್ತದೆ. ನಮ್ಮ ಮೊಬೈಲ್ ಜಾಲಗಳು ಇದನ್ನು ಧಾರಾಳವಾಗಿ ಬಳಸುತ್ತಿವೆ, ಕಚೇರಿಗಳು ಇನ್ನೂ ಹಿಂದು ಮುಂದು ನೋಡುತ್ತಿವೆ.

ಹೊಸ ಕಚೇರಿಗೆ ಯೋಜನೆ ಬರೆಯುತ್ತಿರುವವರು ಐಪಿವಿ4ರ ಪಕ್ಕದಲ್ಲೇ ಐಪಿವಿ6ಕ್ಕೂ ಒಂದು ಕಾಲಂ ಎಳೆಯಲಿ. ಹಾಗೆಯೇ 192.168.0.0, 192.168.1.0 ಎರಡನ್ನೂ ಬಿಟ್ಟುಬಿಡಿ. ಉದ್ಯೋಗಿಗಳ ಮನೆಯ ವೈಫೈ ಪೆಟ್ಟಿಗೆಗಳು ಸಾಮಾನ್ಯವಾಗಿ ಅವನ್ನೇ ಹಿಡಿದು ಕೂತಿರುತ್ತವೆ. ಕಚೇರಿಯಲ್ಲೂ ಅವೇ ಇದ್ದರೆ ಮನೆಯಿಂದ ವಿಪಿಎನ್ ಹಾಕಿದವರಿಗೆ ಕಚೇರಿಯ ಸರ್ವರ್ ಕಾಣಿಸುವುದಿಲ್ಲ.