ಸಂಸ್ಥಾನ ಕಾಲದ ತೆರೆದ ಮೋಟಾರುಗಳು: ಗುರುತು ಮತ್ತು ಮೌಲ್ಯ
ಚೋರನೂರು ಇಂದು ಸೇರಿರುವ ಸಂಡೂರು ತಾಲ್ಲೂಕಿಗೆ ಹೆಸರಿತ್ತ ಘೋರ್ಪಡೆ ಸಂಸ್ಥಾನವು 1949ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನಗೊಂಡು, 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಸೇರಿತು. ಆಡಳಿತ ಹೀಗೆ ಕೈಬದಲಾದೆಡೆ ‘ಅರಮನೆಯ ಕಾರು’ ಎಂಬ ಬಾಯಿಮಾತು ಆಧಾರವಾಗಲಾರದು.

ಎರಡನೆಯ ಮಹಾಯುದ್ಧದವರೆಗೆ ರೋಲ್ಸ್ ರಾಯ್ಸ್ ಸಂಸ್ಥೆಯು ಎಂಜಿನ್‌ಸಹಿತ ಚಾಸಿಯನ್ನಷ್ಟೇ ಮಾರುತ್ತಿತ್ತು. ಬಾಡಿಯನ್ನು ಹೂಪರ್, ಬಾರ್ಕರ್ ಮೊದಲಾದ ಕಾರ್ಖಾನೆಗಳು ಕಟ್ಟುತ್ತಿದ್ದವು. ಮಡಚುವ ಮೇಲ್ಹೊದಿಕೆಯ ಕಾರಿಗೆ ಬೆಲೆ ಹೆಚ್ಚೆಂಬ ಕಾರಣಕ್ಕೇ ಮುಚ್ಚಿದ ಕಾರುಗಳ ಹಳೆಯ ಬಾಡಿಯನ್ನು ತೆಗೆದು ತೆರೆದ ಬಾಡಿಯನ್ನು ಕೂರಿಸಿದ್ದುಂಟು. ಆದಕಾರಣ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ತಯಾರಕರ ದಾಖಲೆಯೊಡನೆ, ಬಾಡಿಯನ್ನು ಅದನ್ನು ಕಟ್ಟಿದವರ ದಾಖಲೆಯೊಡನೆ ಹೋಲಿಸಿದ ಬಳಿಕವೇ ಮೌಲ್ಯದ ಮಾತು. ರಾಜಲಾಂಛನವನ್ನು ಯಾರೂ ಬರೆಸಬಹುದು. 2021ರ ಕೇಂದ್ರ ನಿಯಮಗಳೂ ಮೊದಲ ನೋಂದಣಿಯಾಗಿ 50 ವರ್ಷ ಮೀರಿ, ಚಾಸಿ, ಬಾಡಿ, ಎಂಜಿನ್‌ಗಳು ಮಾರ್ಪಡದೆ ಉಳಿದ ವಾಹನವನ್ನೇ ವಿಂಟೇಜ್ ಎಂದು ಮಾನ್ಯ ಮಾಡುತ್ತವೆ.