ಅರಿಶಿನದ ನೀರಿಗೆ ಚಿಟಿಕೆ ಸುಣ್ಣ

ತಂಬಿಗೆ ನೀರಿಗೆ ಅರಿಶಿನ ಕದಡಿ, ವೀಳ್ಯದೆಲೆಗೆ ಸವರುವಷ್ಟು ಸುಣ್ಣವನ್ನು ಬೆರಳ ತುದಿಯಿಂದ ಅದ್ದಿದರೆ ಹಳದಿ ನೀರು ನೋಡನೋಡುತ್ತಲೇ ಕೆಂಪಾಗುತ್ತದೆ. ಮೊದಲು ಬೆರಳಿನ ಸುತ್ತ ಒಂದು ಕೆಂಪು ಎಳೆ ಸುರುಳಿ ಬಿಚ್ಚುತ್ತದೆ, ಆಮೇಲೆ ತಂಬಿಗೆಗೆ ತಂಬಿಗೆಯೇ ಕುಂಕುಮದ ಬಣ್ಣ. ಆರತಿ ತಟ್ಟೆಯ ನೀರು ಇದೇ, ಮದುವೆ ಮನೆಯಲ್ಲಿ ಬೀಗರ ಮೇಲೆ ಎರಚುವ ಓಕುಳಿಯೂ ಇದೇ. ಬಣ್ಣಕ್ಕಾಗಿ ಅಂಗಡಿ ಹುಡುಕಬೇಕಾಗಿರಲಿಲ್ಲ; ಅಡುಗೆ ಮನೆಯ ಡಬ್ಬಿಯಲ್ಲಿ ಅರ್ಧ, ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಇನ್ನರ್ಧ ಇರುತ್ತಿತ್ತು.

ಈಗ ಬೆಂಗಳೂರಿನ ಹುಡುಗ ಹುಡುಗಿಯರು ಶನಿವಾರ ಬಂತೆಂದರೆ ಕನಕಪುರ ರಸ್ತೆಯ ಕಡೆಗೋ ಸರ್ಜಾಪುರದ ಕಡೆಗೋ ಹೋಗಿ, ಮುಖವಾಡ ತೊಟ್ಟು, ಒಬ್ಬರ ಮೇಲೊಬ್ಬರು ಬಣ್ಣದ ಗುಂಡು ಹಾರಿಸಿಕೊಂಡು ಬರುತ್ತಾರೆ. ಪೇಂಟ್‌ಬಾಲ್ ಎಂಬ ಈ ಆಟ ಅಮೆರಿಕದ್ದು, ವಯಸ್ಸು ಐವತ್ತೂ ಆಗಿಲ್ಲ. ಹೋದವರಲ್ಲಿ ಬಹುಪಾಲು ಮಂದಿ ಆಫೀಸಿನ ಜೊತೆಗೆ ಒಮ್ಮೆ ಹೋಗಿ, ಮೊಣಕೈಯ ನೀಲಿಗಟ್ಟಿದ ಗುರುತನ್ನು ಎರಡು ದಿನ ತೋರಿಸಿ, ಮರೆತುಬಿಡುತ್ತಾರೆ. ಆದರೆ ಹಳೆಯ ಪೇಟೆಯ ಬೀದಿಗಳಲ್ಲಿ ಬಣ್ಣ ಎರಚುವ ಆಟವೂ ಕತ್ತಿ ಹಿಡಿಯುವ ಆಟವೂ ತಲೆಮಾರುಗಳ ಕಾಲ ಬಾಳಿವೆ, ವರ್ಷ ವರ್ಷ ಹೊಸಬರನ್ನು ಸೇರಿಸಿಕೊಂಡಿವೆ. ಅವು ಹೇಗೆ ಉಳಿದವು ಎಂಬುದನ್ನು ನೋಡಲು ಉಪ್ಪಾರಪೇಟೆಯಿಂದ ಹೊರಡುವುದು ಒಳ್ಳೆಯದು. ಸುಣ್ಣದ ಕಥೆಯೂ ಅಲ್ಲೇ ಇದೆ.

ಇಂದು ಉಪ್ಪಾರಪೇಟೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಪೊಲೀಸ್ ಠಾಣೆ. ಮೆಜೆಸ್ಟಿಕ್‌ನಲ್ಲಿ ಜೇಬು ಕತ್ತರಿಸಿಕೊಂಡವರು ದೂರು ಕೊಡಲು ಹೋಗುವ ಜಾಗ. ಆದರೆ ಹೆಸರು ಹಳೆಯದು. 1537ರಲ್ಲಿ ಕೆಂಪೇಗೌಡರು ಕಟ್ಟಿದರೆನ್ನುವ ಊರಿನ ಪೇಟೆಗಳು ಕಸುಬಿನ ಹೆಸರು ಹೊತ್ತವು: ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಉಪ್ಪಾರರು ಸವಳು ಮಣ್ಣನ್ನು ನೀರಿನಲ್ಲಿ ಕಲಸಿ, ಸೋಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಿದ್ದವರು. ಕಡಲ ಉಪ್ಪು ಅಗ್ಗವಾಗಿ ಒಳನಾಡಿಗೆ ಬರತೊಡಗಿದ ಮೇಲೆ ಮಣ್ಣಿನ ಉಪ್ಪನ್ನು ಕೇಳುವವರಿಲ್ಲದಾಯಿತು. ಗಾರೆ ಕೆಲಸ, ಮನೆ ಕಟ್ಟುವ ಕೆಲಸ ಅನೇಕರ ಕೈ ಹಿಡಿಯಿತು. ಉಪ್ಪು ಹೋಗಿ ಸುಣ್ಣ ಬಂತು ಎನ್ನಬಹುದು. ಗಂಗೆಯನ್ನು ಇಳಿಸಿದ ಭಗೀರಥ ತಮ್ಮ ಮೂಲಪುರುಷ ಎಂದು ಹೇಳಿಕೊಳ್ಳುವ ಜನ ಇವರು. ಅವರ ಹೆಸರಿನ ಪೇಟೆಯ ಮಗ್ಗುಲಲ್ಲೇ ಧರ್ಮಾಂಬುಧಿ ಕೆರೆ ಇತ್ತು. ಇಡೀ ಪೇಟೆಗೆ ನೀರು ಕೊಟ್ಟ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಅದರ ಗೊಡವೆ ಯಾರಿಗೂ ಬೇಡವಾಯಿತು. ಕೆರೆ ಬತ್ತಿತು, ಅಂಗಳ ಸುಭಾಷ್ ನಗರದ ಮೈದಾನವಾಯಿತು, ಮೈದಾನ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಆಟ ಆಡಲು ಊರಾಚೆಗೆ ಹೋಗುವವರು ಬಸ್ ಹತ್ತುವುದು ಹಳೆಯ ಕೆರೆಯಂಗಳದಲ್ಲೇ!

ಸವಳು ಮಣ್ಣು ಉಪ್ಪನ್ನಷ್ಟೇ ಕೊಡುವುದಿಲ್ಲ. ಕೆಲವು ಬಗೆಯ ಮಣ್ಣಿನಿಂದ ಪೆಟ್ಲುಪ್ಪೂ ಸಿಗುತ್ತದೆ. ಗಂಧಕ, ಇದ್ದಿಲು ಸೇರಿದರೆ ಅದೇ ಕೋವಿಯ ಮದ್ದು. ಪೇಟೆಯ ದಕ್ಷಿಣಕ್ಕೆ ತಾರಾಮಂಡಲಪೇಟೆ ಎಂಬ ಹೆಸರು ಇನ್ನೂ ಉಳಿದಿದೆ. ಹೈದರ್ ಮತ್ತು ಟಿಪ್ಪುವಿನ ಕಾಲದ ರಾಕೆಟ್ಟುಗಳ ನೆನಪು ಅದು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಪೇಟೆಯ ಬಾಗಿಲು ಮುರಿದು ಒಳನುಗ್ಗಿತು. ಎರಡು ವಾರ ಕಳೆದು 21ರಂದು ಕೋಟೆಯೂ ಬಿತ್ತು, ಕಿಲ್ಲೇದಾರ ಬಹದ್ದೂರ್ ಖಾನ್ ಕಾದಾಡಿ ಸತ್ತ. ನಿಜವಾದ ಗುಂಡು ಹಾರಿದ ಬೀದಿಗಳು ಇವು.

ಗುಂಡಿಲ್ಲದ ಕಾದಾಟಕ್ಕೆ ಜಾಗ ಗರಡಿ ಮನೆ. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಮಣ್ಣಿನ ವಾಸನೆ: ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ಕರ್ಪೂರ ಬೆರೆಸಿ ಹದಮಾಡಿದ ಮಟ್ಟಿ. ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ. ಹೊಸದಾಗಿ ಬಂದ ಹುಡುಗನಿಗೆ ಉಸ್ತಾದ್ ಮೊದಲ ದಿನವೇ ಪಟ್ಟು ಹೇಳಿಕೊಡುವುದಿಲ್ಲ. ಮಟ್ಟಿ ಅಗೆ, ಬಸ್ಕಿ ಹೊಡೆ, ದಂಡ ತೆಗೆ. ವಾರಗಟ್ಟಲೆ ಇದೇ. ಬೇಸರವಾಗುವಂಥ ಕೆಲಸವೇ, ಆದರೆ ಹುಡುಗ ದಿನಾ ಬರುವುದು ಈ ಬೇಸರದಲ್ಲೇ ರೂಢಿಯಾಗುತ್ತದೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಬೆಳಗ್ಗೆ ಒಂದೇ ಹೊತ್ತು, ಬಾರದಿದ್ದರೆ ‘ಯಾಕೋ ನೆನ್ನೆ ಕಾಣಲಿಲ್ಲ’ ಎಂದು ಕೇಳುವ ಒಬ್ಬ ಹಿರಿಯ: ಇಷ್ಟು ಇದ್ದುದರಿಂದಲೇ ಗರಡಿಗೆ ಜಾಹೀರಾತು ಬೇಕಾಗಲಿಲ್ಲ.

ತಿಗಳರಪೇಟೆಯ ಧರ್ಮರಾಯನ ಗುಡಿಯ ಕರಗದಲ್ಲಿ ಈ ಗರಡಿಯೂ ಆ ಓಕುಳಿಯೂ ಕೂಡುತ್ತವೆ. ಚೈತ್ರ ಶುದ್ಧ ಸಪ್ತಮಿಗೆ ಬಾವುಟ ಏರುತ್ತದೆ. ಹುಣ್ಣಿಮೆಯ ರಾತ್ರಿ ಹೂವಿನ ಕರಗ ಹೊತ್ತ ಪೂಜಾರಿ ಪೇಟೆ ಸುತ್ತುತ್ತಾರೆ, ದಾರಿಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತಾರೆ. ಸುತ್ತ ಬಿಚ್ಚುಗತ್ತಿ ಹಿಡಿದ ವೀರಕುಮಾರರು. ಬರಿ ಎದೆಗೆ ಕತ್ತಿ ತಗುಲಿಸಿಕೊಳ್ಳುವ ಅಲಗು ಸೇವೆ ನೋಡಿದವರಿಗೆ ಮೈ ಜುಂ ಎನ್ನುತ್ತದೆ. ಕತ್ತಿ ನಿಜದ್ದು, ಕಾದಾಟ ಮಾತ್ರ ಆಚರಣೆಯದು. ವೀರಕುಮಾರನಾಗಲು ದೀಕ್ಷೆ ಬೇಕು, ಗರಡಿಯ ಅಭ್ಯಾಸ ಬೇಕು. ತಿಗಳ ಮನೆತನಗಳಲ್ಲಿ ಅಪ್ಪನ ಹಿಂದೆ ಮಗ, ಅಣ್ಣನ ಹಿಂದೆ ತಮ್ಮ ಬಂದು ಸೇರುತ್ತಾರೆ. ಕೊನೆಯ ದಿನ ವಸಂತೋತ್ಸವ. ಅಷ್ಟು ದಿನ ಕತ್ತಿ ಹಿಡಿದ ಕೈಗಳೇ ಅರಿಶಿನದ ನೀರನ್ನು ಒಬ್ಬರ ಮೇಲೊಬ್ಬರು ಎರಚುತ್ತವೆ. ಆಮೇಲೆ ಬಾವುಟ ಇಳಿಯುತ್ತದೆ.

ಬಣ್ಣ ಎರಚುವುದಕ್ಕೂ ಸಾಧನ ಮಾಡಿಕೊಂಡ ನಾಡು ಇದು. ಹಳಗನ್ನಡದಲ್ಲಿ ಜೀರ್ಕೊಳವಿ ಎಂಬ ಚೆಂದದ ಪದವಿದೆ. ಹಿಂದಿಯಿಂದ ಪಿಚಕಾರಿ ಬಂದ ಮೇಲೆ ಅದನ್ನು ಕೈಬಿಟ್ಟದ್ದು ನಷ್ಟವೇ. ಹಂಪಿಯ ಕಲ್ಲಿನಲ್ಲೂ ಕೊಳವಿ ಹಿಡಿದು ಬಣ್ಣದ ನೀರಾಡುವ ಹೆಂಗಸರ ಕೆತ್ತನೆಯಿದೆ. ಇನ್ನು ಬಾಗಲಕೋಟೆಯ ಹೋಳಿ ನೋಡಿದವರು ಪೇಂಟ್‌ಬಾಲ್ ಕಂಡು ಬೆರಗಾಗಲಾರರು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿಗೊಂದು ಪಡೆ. ಬಂಡಿಯ ಮೇಲೆ ಬಣ್ಣದ ನೀರು ತುಂಬಿದ ಪೀಪಾಯಿಗಳು, ಹಲಗೆಯ ಸದ್ದು, ಎದುರು ಬಂದ ಬಂಡಿಯವರ ಮೇಲೆ ಕೊಡಗಟ್ಟಲೆ ಎರಚಾಟ. ಎತ್ತಿನ ಬಂಡಿಯ ಜಾಗಕ್ಕೆ ಈಗ ಟ್ರ್ಯಾಕ್ಟರ್ ಬಂದಿದೆ, ಓಣಿಯ ಹಟ ಹಾಗೇ ಇದೆ.

ಪೇಂಟ್‌ಬಾಲ್ ಹುಟ್ಟಿದ್ದು ಹಬ್ಬದಿಂದಲ್ಲ, ಕೆಲಸದಿಂದ. ನಮ್ಮಲ್ಲಿ ಸಾಲುಮರಗಳಿಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಾರೆ, ಕುರುಬರು ಕುರಿಯ ಬೆನ್ನಿಗೆ ಬಣ್ಣ ಹಚ್ಚಿ ಗುರುತಿಡುತ್ತಾರೆ. ಅಮೆರಿಕದ ಕಾಡುಗಳಲ್ಲಿ ಕಡಿಯಬೇಕಾದ ಮರವನ್ನು ದೂರದಿಂದಲೇ ಗುರುತಿಸಲು ನೆಲ್ಸನ್ ಪೇಂಟ್ ಕಂಪನಿ ಬಣ್ಣದ ಗುಂಡನ್ನೂ ಅದನ್ನು ಹಾರಿಸುವ ಪಿಸ್ತೂಲನ್ನೂ ತಂದಿತು. ದನಗಾಹಿಗಳೂ ಅದನ್ನು ಬಳಸಿದರು. ‘ನೆಲ್-ಸ್ಪಾಟ್ 007’ ಎಂಬ ಆ ಪಿಸ್ತೂಲು ಇಬ್ಬರು ಗೆಳೆಯರ ವಾದಕ್ಕೆ ಸಿಕ್ಕಿತು. ನ್ಯೂಯಾರ್ಕಿನ ಷೇರು ವ್ಯಾಪಾರಿ ಹೇಯ್ಸ್ ನೋಯೆಲ್, ಬರಹಗಾರ ಚಾರ್ಲ್ಸ್ ಗೇನ್ಸ್. ಪೇಟೆಯಲ್ಲಿ ಬದುಕುಳಿಯುವ ಜಾಣ ಕಾಡಿನಲ್ಲೂ ಉಳಿದಾನೇ ಎಂಬುದು ಪ್ರಶ್ನೆ. ಬಾಬ್ ಗರ್ನ್‌ಸಿ ನಿಯಮ ಹೊಸೆಯಲು ಜೊತೆಯಾದ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರಿನ ಹೆನಿಕರ್ ಬಳಿಯ ಕಾಡಿನಲ್ಲಿ 12 ಮಂದಿ ಆಡಿದರು. ನಾಲ್ಕು ಕಡೆ ಇಟ್ಟ ಬಾವುಟಗಳನ್ನು ಬಣ್ಣ ಹತ್ತಿಸಿಕೊಳ್ಳದೆ ತರಬೇಕು.

ಗೆದ್ದವನು ರಿಚಿ ವೈಟ್, ಮರ ಕಡಿಯುವ ಕಸುಬಿನವನು. ಒಂದು ಗುಂಡನ್ನೂ ಹಾರಿಸದೆ, ಯಾರ ಕಣ್ಣಿಗೂ ಬೀಳದೆ ಬಾವುಟ ಕೂಡಿಸಿಕೊಂಡು ಬಂದ.

ಹೊಸಬರಿಗೆ ಹೇಳಬೇಕಾದ ಮೊದಲ ಕಥೆ ಇದೇ. ಬಂದೂಕು ಹಿಡಿದು ಗೊತ್ತಿಲ್ಲ, ಓಡಲಾರೆ, ಗುರಿ ಇಲ್ಲ ಎಂದು ಹಿಂಜರಿಯುವವರು ಬಹಳ. ಈ ಆಟದಲ್ಲಿ ಗುರಿಗಿಂತ ಮರೆ ನೋಡಿಕೊಂಡು ನಿಲ್ಲುವುದು ಹೆಚ್ಚು ಬೆಲೆಯ ವಿದ್ಯೆ. ಮೊದಲ ಸಲ ಬಂದವರು ಒಂದೇ ಕಡೆ ಕೂತು ಡಬ್ಬಿ ಖಾಲಿಯಾಗುವವರೆಗೆ ಹಾರಿಸುತ್ತಾರೆ. ನಾಲ್ಕನೆಯ ಸಲ ಬಂದವರು ಜೊತೆಯವನನ್ನು ಕೂಗಿ ‘ಎಡಕ್ಕೆ ಒಬ್ಬ’ ಎಂದು ಹೇಳಲು ಕಲಿತಿರುತ್ತಾರೆ. ಆಟದ ರುಚಿ ಹತ್ತುವುದು ಅಲ್ಲಿಂದಾಚೆಗೆ.

ಗುಂಡನ್ನು ಅಂಗೈಯಲ್ಲಿಟ್ಟು ನೋಡಿದರೆ ಭಯ ಅರ್ಧ ಕಡಿಮೆಯಾಗುತ್ತದೆ. ಸುಮಾರು 17 ಮಿಲಿಮೀಟರ್ ದಪ್ಪ, 3 ಗ್ರಾಂ ತೂಕ. ಹೊರಗೆ ಮೀನೆಣ್ಣೆ ಗುಳಿಗೆಯ ಸಿಪ್ಪೆಯಂಥದೇ ಜಿಲಾಟಿನ್, ಒಳಗೆ ನೀರಿಗೆ ಕರಗುವ ಬಣ್ಣ. ಹೆನಿಕರ್‌ನಲ್ಲಿ ಆಡಿದವರ ಗುಂಡಿನಲ್ಲಿ ಎಣ್ಣೆಬಣ್ಣವಿತ್ತು, ಟರ್ಪೆಂಟೈನ್ ಹಾಕಿ ಉಜ್ಜಬೇಕಿತ್ತು. ಈಗ ಬಟ್ಟೆ ಒಗೆದರೆ ಸಾಕು. ಆ ಮಟ್ಟಿಗೆ ಓಕುಳಿಯ ಅರಿಶಿನವೇ ಹಟಮಾರಿ, ಬಿಳಿ ಪಂಚೆಗೆ ಹತ್ತಿದರೆ ಬಿಡದು. ಆದರೆ ಗುಂಡಿನ ವೇಗದಲ್ಲಿ ಸಲಿಗೆ ಸಲ್ಲದು. ಮೈದಾನಗಳು ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ ದಾಟದಂತೆ ಯಂತ್ರವನ್ನು ಅಳೆದು ಇಡುತ್ತವೆ. ಆ ವೇಗಕ್ಕೂ ಬರಿಗಣ್ಣು ಉಳಿಯುವುದಿಲ್ಲ. ಬೆವರು ಬಂತು, ಗಾಜು ಮಂಜಾಯಿತು ಎಂದು ಮೈದಾನದೊಳಗೆ ಮುಖವಾಡ ಎತ್ತಿದವನನ್ನು ಹೊರಗೆ ಕಳಿಸುವ ಜಾಗವೇ ಒಳ್ಳೆಯ ಜಾಗ. ಎಂದೂ ಮುಖವಾಡ ತೆಗೆಯಬಾರದೆಂಬುದು ಇಲ್ಲಿಯ ಬಸ್ಕಿ, ಇಲ್ಲಿಯ ಮಟ್ಟಿ ಅಗೆತ.

ಒಂದು ದಿನದ ಮೋಜು ಹವ್ಯಾಸವಾಗಲು ಬೇಕಾದ್ದು ಪೇಟೆಯವರಿಗೆ ಗೊತ್ತಿತ್ತು. ಬಣ್ಣ ಮಾತ್ರ ಸಾಲದು, ತಿಥಿ ಗೊತ್ತಿರಬೇಕು. ಬೆಂಗಳೂರಿನಲ್ಲಿ ನಿಲ್ಲದೆ ಆಡುವ ಕೆಲವರು ಇದನ್ನು ತಾವಾಗಿಯೇ ಕಂಡುಕೊಂಡಿದ್ದಾರೆ. ಆರೇಳು ಜನ ಕೂಡಿ, ತಿಂಗಳಿಗೊಂದು ಭಾನುವಾರ ಗೊತ್ತುಮಾಡಿ, ಸಲಕರಣೆ ಬಾಡಿಗೆಗೆ ಪಡೆದು, ಖರ್ಚು ಹಂಚಿಕೊಳ್ಳುತ್ತಾರೆ. ಸ್ವಂತಕ್ಕೆ ಮೊದಲು ಕೊಳ್ಳುವುದು ಬಂದೂಕಲ್ಲ, ಮುಖಕ್ಕೆ ಸರಿಯಾಗಿ ಕೂರುವ ಮುಖವಾಡ. ಪ್ರತಿ ಸಲ ಒಬ್ಬ ಹೊಸಬನನ್ನು ಕರೆತಂದು, ಪಳಗಿದವನ ಜೊತೆಗೆ ಬಿಡುತ್ತಾರೆ. ಹೊಸಬನಿಗೆ ಬಣ್ಣ ಹತ್ತಿತೆಂದರೆ ಕೈಯೆತ್ತಿ ಹೊರನಡೆಯುವುದನ್ನು ಅವನೇ ಕಲಿಸಬೇಕು. ಬಣ್ಣ ಒರೆಸಿಕೊಂಡು ಆಟ ಮುಂದುವರಿಸುವವನನ್ನು ಯಾರೂ ಎರಡನೆಯ ಸಲ ಕರೆಯುವುದಿಲ್ಲ.

ಕಾಲವನ್ನೂ ನೋಡಬೇಕು. ಮಳೆಗಾಲದ ತೇವಕ್ಕೆ ಜಿಲಾಟಿನ್ ಸಿಪ್ಪೆ ಊದಿಕೊಳ್ಳುತ್ತದೆ. ಊದಿದ ಗುಂಡು ನಳಿಕೆಯಲ್ಲೇ ಒಡೆದು ಮುಂದಿನ ಹತ್ತು ಗುಂಡುಗಳ ದಾರಿ ತಪ್ಪಿಸುತ್ತದೆ. ಬಲ್ಲವರು ಜೂನ್‌ನಿಂದ ಅಕ್ಟೋಬರ್‌ವರೆಗೆ ಡಬ್ಬಿಯ ಮುಚ್ಚಳ ಬಿಗಿಯಾಗಿಟ್ಟು, ಬೇಕಾದಷ್ಟನ್ನೇ ತೆಗೆಯುತ್ತಾರೆ. ದೀಪಾವಳಿ ಕಳೆದರೆ ಹವೆ ಒಣಗುತ್ತದೆ, ಗುಂಡು ನೆಟ್ಟಗೆ ಹೋಗುತ್ತದೆ. ಯುಗಾದಿಯ ಹೊತ್ತಿಗೆ ಬಿಸಿಲು ಏರಿ, ಮುಖವಾಡದೊಳಗೆ ಬೆವರು ಹರಿದು, ಬೆಳಗ್ಗೆ ಏಳಕ್ಕೇ ಆಟ ಶುರುಮಾಡಬೇಕಾಗುತ್ತದೆ. ಅದಾಗಿ ಏಳನೆಯ ದಿನಕ್ಕೆ ಧರ್ಮರಾಯನ ಗುಡಿಯಲ್ಲಿ ಬಾವುಟ ಏರುತ್ತದೆ.